ಮಗಳ ಹೆಸರು, ಆಕಾಶದ ವಿಳಾಸ

ಪ್ರೀತಿಯ ಸೀನ,

ಪುಟ್ಟಿಯ ಹುಟ್ಟುಹಬ್ಬಕ್ಕೆ ಒಂದು ನಕ್ಷತ್ರಕ್ಕೆ ಅವಳ ಹೆಸರು ಇಡಿಸ್ತೀನಿ ಅಂತ ಬರೆದಿದ್ದೀಯಲ್ಲ, ಬೇಡ ಕಣೋ. ದುಡ್ಡು ತೆಗೆದುಕೊಂಡು ಅವರು ಕಳಿಸೋದು ಗೋಡೆಗೆ ತೂಗುಹಾಕೋ ಒಂದು ಸರ್ಟಿಫಿಕೇಟು ಅಷ್ಟೆ. ಹೆಸರಿಗೆ ಮಾನ್ಯತೆ ಕೊಡೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಅವರ ಹತ್ತಿರ ಹೆಸರು ಮಾರಾಟಕ್ಕಿಲ್ಲ.

ಕ್ಷುದ್ರಗ್ರಹಕ್ಕಾದರೆ (ಸೂರ್ಯನನ್ನು ಸುತ್ತೋ ಸಣ್ಣ ಕಲ್ಲುಮುದ್ದೆಗಳು ಕಣೋ) ಒಂದು ದಾರಿ ಇದೆ, ಸುತ್ತು ದಾರಿ. ಮೊದಲು ಒಂದನ್ನು ಪತ್ತೆ ಹಚ್ಚಬೇಕು. ಅದರ ಕಕ್ಷೆ ಖಚಿತವಾಗಿ ಕ್ರಮಸಂಖ್ಯೆ ಸಿಕ್ಕಿದ ಮೇಲೆ, ಪತ್ತೆ ಹಚ್ಚಿದವರು ಹೆಸರು ಸೂಚಿಸಬಹುದು. ಇಂಗ್ಲಿಷಿನಲ್ಲಿ ಬರೆದರೆ 16 ಅಕ್ಷರ ದಾಟಬಾರದು. ರಾಜಕಾರಣಿಯದಾದರೆ ಆತ ತೀರಿಕೊಂಡು 100 ವರ್ಷ ಆಗಿರಬೇಕು (ನಮ್ಮ ಸರ್ಕಲ್ಲುಗಳಿಗೂ ಈ ರೂಲ್ಸು ತಂದರೆ ಎಷ್ಟು ಚೆನ್ನ!). ಸಾಕುಪ್ರಾಣಿಗಳ ಹೆಸರೂ ಬೇಡ ಅನ್ನುತ್ತಾರೆ. ಅದಕ್ಕೆ ಕಾರಣ ಒಂದು ಬೆಕ್ಕು. ಜೇಮ್ಸ್ ಗಿಬ್ಸನ್ ಅನ್ನುವವರು 1971ರಲ್ಲಿ ಕಂಡ 2309ನೇ ಕ್ಷುದ್ರಗ್ರಹಕ್ಕೆ ತಮ್ಮ ಬೆಕ್ಕು ಮಿಸ್ಟರ್ ಸ್ಪಾಕ್‌ನ ಹೆಸರಿಟ್ಟಿದ್ದರು.

ಇನ್ನು ಮಗಳ ಹೆಸರಿನ ವಿಷಯ. ಮಂಗಳ ಮತ್ತು ಗುರುಗ್ರಹದ ನಡುವೆ ಸುತ್ತೋ 42ನೇ ನಂಬರಿನ ಕ್ಷುದ್ರಗ್ರಹ ಐಸಿಸ್. (ಈಗ ಆ ಹೆಸರು ಕೇಳಿದರೆ ಬೇರೆ ಏನೋ ನೆನಪಾಗುತ್ತೆ, ಬಿಡು.) ಸುಮಾರು 100 ಕಿಲೋಮೀಟರ್ ಅಗಲದ ಕಲ್ಲಿನ ಮುದ್ದೆ, ಸೂರ್ಯನನ್ನು ಒಂದು ಸುತ್ತು ಹಾಕೋಕೆ ನಾಲ್ಕು ವರ್ಷಕ್ಕೆ ತುಸು ಕಮ್ಮಿ. 1856ರ ಮೇ 23ರಂದು ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ ಅದನ್ನು ಕಂಡವನು ನಾರ್ಮನ್ ಪಾಗ್ಸನ್. ಅಲ್ಲಿ ಅವನು ಬರೀ ಸಹಾಯಕ. ಹೆಸರಿಡೋ ಗೌರವವನ್ನು ವೀಕ್ಷಣಾಲಯದ ಮುಖ್ಯಸ್ಥ ಮ್ಯಾನುಯೆಲ್ ಜಾನ್ಸನ್‌ಗೇ ಬಿಟ್ಟುಕೊಟ್ಟ. ಜಾನ್ಸನ್ ಆರಿಸಿದ್ದು ಐಸಿಸ್. ಈಜಿಪ್ಟಿನ ದೇವತೆ ಅನ್ನೋದು ಮೇಲಿನ ಲೆಕ್ಕ. ಆಕ್ಸ್‌ಫರ್ಡಿನಲ್ಲಿ ಹರಿಯುವ ಥೇಮ್ಸ್ ನದಿಯನ್ನೂ ಐಸಿಸ್ ಅಂತಲೇ ಕರೀತಾರೆ. ಆದರೆ ಪಾಗ್ಸನ್ ಮನೆಯಲ್ಲಿ ಆಗ ಇನ್ನೂ ನಾಲ್ಕು ತುಂಬದ ಮಗಳೊಬ್ಬಳಿದ್ದಳು, ಎಲಿಜಬೆತ್ ಐಸಿಸ್. ಅವಳ ನೆನಪಿಗೇ ಆ ಹೆಸರು ಬಂತು ಅಂತ ಹೇಳುತ್ತಾರೆ. ನಾನಂತೂ ಅದನ್ನೇ ನಂಬೋನು.

ಆಗ ಹುಡುಕೋ ಕೆಲಸ ಹೇಗಿತ್ತು ಗೊತ್ತಾ? ಆಕಾಶದ ಫೋಟೊ ತೆಗೆದು ಕ್ಷುದ್ರಗ್ರಹ ಹುಡುಕೋ ಕಾಲ ಇನ್ನೂ ಬಂದಿರಲಿಲ್ಲ. ಕೈಯಲ್ಲಿ ನಕ್ಷತ್ರಗಳ ನಕ್ಷೆ ಹಿಡಿದು ದೂರದರ್ಶಕದಲ್ಲಿ ಕಾಣುವ ಒಂದೊಂದೇ ಚುಕ್ಕಿಯನ್ನು ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ ಗುರುತು ಹಾಕಿಕೊಂಡು, ಮತ್ತೆ ನೋಡಿದಾಗ ಅದು ಜಾಗ ಬಿಟ್ಟು ಸರಿದಿದೆಯಾ ಅಂತ ಪರೀಕ್ಷಿಸಬೇಕು. ಸರಿದಿದ್ದರೆ ಅದು ನಕ್ಷತ್ರ ಅಲ್ಲ. ಇದನ್ನು ಪುಟ್ಟಿಯೂ ಮಾಡಬಹುದು ಕಣೋ. ಸರ್ಟಿಫಿಕೇಟಿನ ದುಡ್ಡಿಗೆ ಒಂದು ಬೈನಾಕ್ಯುಲರ್ ಕೊಡಿಸು. ವೆಸ್ಟಾ ಅನ್ನೋ ಕ್ಷುದ್ರಗ್ರಹ ಭೂಮಿಗೆ ಹತ್ತಿರ ಬರೋ ತಿಂಗಳು ನೋಡಿಕೊಂಡು, ಅದರ ಸುತ್ತಲಿನ ಚುಕ್ಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಸು. ಎರಡು ರಾತ್ರಿ ಬಿಟ್ಟು ಮತ್ತೆ ಬರೆಸು. ಓಡಿಹೋದ ಕಳ್ಳ ಯಾರು ಅಂತ ಅವಳೇ ಹೇಳ್ತಾಳೆ.

1861ರ ಶುರುವಿನಲ್ಲಿ ಪಾಗ್ಸನ್ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದ. ಕೋರಮಂಗಲದಲ್ಲಿದೆಯಲ್ಲ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಅದರ ಮೂಲ ಹುಡುಕುತ್ತಾ ಹೋದರೆ ಕೊಡೈಕೆನಾಲ್ ಮೂಲಕ ಇದೇ ವೀಕ್ಷಣಾಲಯ ಸಿಗುತ್ತೆ. ಬಂದ ಕೆಲವೇ ವಾರಕ್ಕೆ, ಏಪ್ರಿಲ್ 17ರಂದು, 67ನೇ ಕ್ಷುದ್ರಗ್ರಹ ಅವನ ಕಣ್ಣಿಗೆ ಬಿತ್ತು. ಈ ಖಂಡದಿಂದ ಕಂಡ ಮೊದಲನೆಯದು, ಹಾಗಾಗಿ ಏಷ್ಯಾ ಅಂತ ಹೆಸರಿಟ್ಟ. ಗ್ರೀಕ್ ಪುರಾಣದಲ್ಲಿ ಅದೇ ಹೆಸರಿನ ಅಪ್ಸರೆಯೂ ಇದ್ದಾಳೆ, ಸಂಪ್ರದಾಯವೂ ಉಳೀತು. ಜಾಣ! ಆಮೇಲೆ ಸಾಫೊ, ಸಿಲ್ವಿಯಾ, ಕಮಿಲಾ, ವೆರಾ ಎಲ್ಲ ಮದ್ರಾಸಿನಿಂದಲೇ ಸಿಕ್ಕವು.

ಆ ಪುಟ್ಟ ಐಸಿಸ್ ಏನಾದಳು? 1873ರಲ್ಲಿ ಮದ್ರಾಸ್ ವೀಕ್ಷಣಾಲಯದಲ್ಲೇ ‘ಕಂಪ್ಯೂಟರ್’ ಆಗಿ ಸೇರಿದಳು. ಆಗ ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಹಾಕುವ ಮನುಷ್ಯ. ಅಲ್ಲಿ ರಾತ್ರಿ ಅಳೆದದ್ದನ್ನೆಲ್ಲ ಅಂಕಿಗಳಾಗಿ ಇಳಿಸೋ ಕೆಲಸ, ಸುಮಾರು 25 ವರ್ಷ. ಮದ್ರಾಸ್ ಸರ್ಕಾರಕ್ಕೆ ಹವಾಮಾನ ವರದಿಗಾರಳೂ ಆಗಿದ್ದಳು. 1886ರಲ್ಲಿ ಅಪ್ಪ ಅವಳ ಹೆಸರನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಪದವಿಗೆ ಸೂಚಿಸಿದ. ಸೊಸೈಟಿಯ ಸನ್ನದಿನಲ್ಲಿ ಸದಸ್ಯನ ಬಗ್ಗೆ ಹೇಳುವಾಗಲೆಲ್ಲ ‘ಅವನು’ ಅಂತಿದೆ, ಹೆಂಗಸಿಗೆ ಜಾಗ ಇಲ್ಲ ಅಂದರು ವಕೀಲರು. ಅರ್ಜಿ ವಾಪಸ್ಸಾಯಿತು.

ಅಪ್ಪ 1891ರಲ್ಲಿ ತೀರಿಕೊಂಡ. ಅವಳು ಮದುವೆಯಾಗಿ ಇಂಗ್ಲೆಂಡಿಗೆ ಹಿಂತಿರುಗಿದಳು. ಸೊಸೈಟಿ ಅವಳನ್ನು ಫೆಲೋ ಮಾಡಿಕೊಂಡದ್ದು 1920ರಲ್ಲಿ, ವಯಸ್ಸು 70ರ ಹತ್ತಿರ ಬಂದಾಗ. ಆಕಾಶದಲ್ಲಿ ಅವಳ ಹೆಸರು ಸೇರಿ ಅಷ್ಟು ಹೊತ್ತಿಗೆ 64 ವರ್ಷ ಆಗಿತ್ತು.

ಅತ್ತಿಗೆಗೆ ನಮಸ್ಕಾರ ಹೇಳು. ಬೈನಾಕ್ಯುಲರ್ ತಗೊಳ್ಳೋ ಮುಂಚೆ ಒಂದು ಫೋನ್ ಮಾಡು, ಯಾವುದು ಅಂತ ಹೇಳ್ತೀನಿ.

ನಿನ್ನ,
ಗೋಪಿ