ಮದುವೆ ಸುದ್ದಿ ಸಾಕು, ಕೆಲಸದ ಬಗ್ಗೆ ಬರೆಯಿರಿ

ಸಂಪಾದಕರೇ,

ಅಮೆರಿಕದ ನಟಿ, ಗಾಯಕಿ ಸೆಲೆನಾ ಗೊಮೆಜ್ ಎಂದರೆ ನಮ್ಮ ಪತ್ರಿಕೆಗಳಲ್ಲಿ ಮದುವೆ ಸುದ್ದಿಯೇ ಜಾಸ್ತಿ. ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ನಟಿಸುತ್ತಾ ಬೆಳೆದವರು, ಆಮೇಲೆ ಹಾಡಿದರು. ರೋಗನಿರೋಧಕ ಶಕ್ತಿಯೇ ದೇಹಕ್ಕೆ ಹಾನಿ ಮಾಡುವ ಲೂಪಸ್ ಕಾಯಿಲೆಯಿಂದ 2017ರಲ್ಲಿ ಕಿಡ್ನಿ ಕಸಿಯಾಗಿದ್ದನ್ನು ಮುಚ್ಚಿಡಲಿಲ್ಲ. 2020ರಲ್ಲಿ ರೇರ್ ಬ್ಯೂಟಿ ಎಂಬ ಮೇಕಪ್ ಕಂಪನಿ ಶುರು ಮಾಡಿದರು. ಮಾರಾಟದ ಶೇ 1ರಷ್ಟು ಹಣ ಮಾನಸಿಕ ಆರೋಗ್ಯಕ್ಕೆ ಹೋಗುತ್ತದೆ.

ಕಾರವಾರದ ಕೋಡಿಬಾಗದಲ್ಲಿ ಪಾರ್ಲರ್ ನಡೆಸುವ ನನಗೆ ತುಂಬಾ ಹಿಡಿಸಿದ್ದು ಅವರ ಬಾಟಲಿಗಳ ದುಂಡು ಮುಚ್ಚಳ. ಬೆರಳಿನ ಗಂಟು ನೋಯುವವರೂ ಸುಲಭವಾಗಿ ತೆರೆಯಬಹುದು. ನನ್ನಲ್ಲಿಗೆ ಮೀನು ಮಾರುವ ಅಕ್ಕ ಒಬ್ಬರು ಬರುತ್ತಾರೆ. ಐಸ್‌ನಲ್ಲಿ ಕೈಯಿಟ್ಟು ದುಡಿದವರು, ಬೆರಳು ಸರಿಯಾಗಿ ಮಡಚುವುದಿಲ್ಲ. ಕ್ರೀಮ್ ಡಬ್ಬಿ ನಾನೇ ತೆಗೆದುಕೊಡಬೇಕು. ಅವರಿಗೂ ಚೆಂದ ಕಾಣುವ ಆಸೆ ಇರುತ್ತದೆ ಅಲ್ವಾ? ನಮ್ಮ ಕಂಪನಿಗಳು ಇಂಥ ಕೈಗಳಿಗೆ ಡಬ್ಬಿ ಮಾಡಲಿ. ನಿಮ್ಮ ಮಹಿಳಾ ಪುರವಣಿಯಲ್ಲಿ ಈ ಬಗ್ಗೆ ಒಂದು ಲೇಖನ ಹಾಕಿ.

– ಪಾರ್ಲರ್ ನಡೆಸುವ ಓದುಗಳು, ಕಾರವಾರ