ಬಣ್ಣ ಎಲ್ಲರಿಗೂ ಗೊತ್ತು, ಕಾರಣ ಯಾರೂ ಹೇಳಿಲ್ಲ

ಮಾನ್ಯ ಸಂಪಾದಕರೇ,

ಆಸ್ಪತ್ರೆ ಗೋಡೆಗಳ ಮೇಲೆ ಕಸ ವಿಂಗಡಿಸುವ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಚಾರ್ಟ್ ನೀವೂ ನೋಡಿರ್ತೀರಿ. ಯಾವುದನ್ನು ಯಾವ ಡಬ್ಬಿಗೆ ಹಾಕಬೇಕು ಅಂತ ಕೇಳಿದರೆ ನರ್ಸ್‌ಗಳು ಪಟಪಟ ಹೇಳುತ್ತಾರೆ. ಆದರೆ ದಿನಾ ಆ ಚೀಲ ಎತ್ತುವವರನ್ನು ಕೇಳಿ ನೋಡಿ. ಈಚೆಗೆ ನಮ್ಮ ಅತ್ತೆಯವರು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಆಯಾ ಒಬ್ಬರು ಕೆಂಪು ಚೀಲವನ್ನೂ ಹಳದಿ ಚೀಲವನ್ನೂ ಒಂದಕ್ಕೇ ಸುರಿದು ಗಂಟು ಹಾಕುತ್ತಿದ್ದರು. ಯಾಕಮ್ಮಾ ಅಂದೆ. "ಎಲ್ಲಾ ಒಂದೇ ಗಾಡಿಗೆ ಹೋಗ್ತದಲ್ರೀ" ಅಂದರು.

ಅವರದು ತಪ್ಪು ಅಂತ ನನಗನಿಸಲಿಲ್ಲ. ಗಾಡಿ ಒಂದೇ ಇರಬಹುದು, ಆದರೆ ದಾರಿ ಬೇರೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹಳದಿ ಚೀಲದ ರಕ್ತದ ಹತ್ತಿ, ಬ್ಯಾಂಡೇಜ್ ಹೆಚ್ಚಾಗಿ ಸುಡಲು ಹೋಗುತ್ತವೆ. ಕೆಂಪು ಚೀಲದ ಸಲೈನ್ ಪೈಪು, ಗ್ಲೌಸು, ಸೂಜಿ ತೆಗೆದ ಸಿರಿಂಜು ಹಬೆಯಲ್ಲಿ ಬೆಂದು, ಚೂರಾಗಿ, ಮರುಬಳಕೆಗೆ ಹೋಗುತ್ತವೆ. ಪಿವಿಸಿ ಪ್ಲಾಸ್ಟಿಕ್ ಹಳದಿಗೆ ಸೇರಿ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಗಾಳಿಗೆ ಬರುತ್ತದೆ. ಬಿಳಿ ಡಬ್ಬಿಗೆ ಹೋಗಬೇಕಾದ ಸೂಜಿ ಕೆಂಪು ಚೀಲಕ್ಕೆ ಬಿದ್ದರಂತೂ ಚುಚ್ಚುವುದು ಅದನ್ನು ಎತ್ತಿದ ಆಯಾಗೇ, ಡಾಕ್ಟರಿಗಲ್ಲ.

ಇನ್ನು ನಮ್ಮಂಥ ಪೇಷಂಟ್ ಕಡೆಯವರು. ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಉಳಿದ ಚೂರು, ಪೇಪರ್, ಬಾಳೆಹಣ್ಣಿನ ಸಿಪ್ಪೆ ಎಲ್ಲಾ ಕೈಗೆ ಸಿಕ್ಕ ಡಬ್ಬಿಗೆ ಹಾಕ್ತೀವಿ. ಆಸ್ಪತ್ರೆ ಕಸದಲ್ಲಿ ಸುಮಾರು ಶೇ 85ರಷ್ಟು ಮನೆ ಕಸದಂಥದ್ದೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ರಕ್ತದ ಹತ್ತಿ ಜೊತೆ ಬೆರೆತರೆ ಪೂರ್ತಿ ಚೀಲ ಸೋಂಕಿನ ಕಸವೇ ಆಯ್ತು, ಅಲ್ವಾ?

ಆಸ್ಪತ್ರೆ ಕಸದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2016ರ ನಿಯಮದಲ್ಲಿ ಇದೆಲ್ಲಾ ಇದೆ. ಕೆಲಸಕ್ಕೆ ಸೇರುವಾಗ ತರಬೇತಿ, ಆಮೇಲೆ ವರ್ಷಕ್ಕೊಮ್ಮೆ ತರಬೇತಿ, ಆರೋಗ್ಯ ತಪಾಸಣೆ, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ. ಕಸ ಮುಟ್ಟುವ ಎಲ್ಲರಿಗೂ. ಆದರೆ ಆಯಾಗಳು, ವಾರ್ಡ್ ಬಾಯ್‌ಗಳು ಎಷ್ಟೋ ಕಡೆ ಔಟ್‌ಸೋರ್ಸ್‌ನವರು. ಏಜೆನ್ಸಿ ಬದಲಾದರೆ ಮುಖಗಳೂ ಬದಲಾಗುತ್ತವೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮೂರನೆಯದು ಆರನೇ ತಿಂಗಳಿಗೆ. ಅಷ್ಟರಲ್ಲಿ ಅವರು ಅಲ್ಲೇ ಇರುತ್ತಾರಾ? ಲಸಿಕೆ ಇಲ್ಲದವರಿಗೆ ಆ ಸೋಂಕಿರುವ ರೋಗಿಯ ಸೂಜಿ ಚುಚ್ಚಿದರೆ ರೋಗ ಅಂಟುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ಎಚ್‌ಐವಿ ಅಪಾಯ ಅದಕ್ಕಿಂತ ತುಂಬಾ ಕಡಿಮೆ, ಆದರೂ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಕೆಲಸ ಹೋಗುತ್ತೆ ಅಂತ ಹೆದರಿ ಸುಮ್ನೆ ಬೆರಳು ತೊಳೆದುಕೊಂಡು ಹೋಗುವವರಿಗೆ ಈ 72 ಗಂಟೆ ಲೆಕ್ಕ ಯಾರು ಹೇಳಬೇಕು?

ದೊಡ್ಡ ಹಾಲ್‌ನಲ್ಲಿ ಇಂಗ್ಲಿಷ್ ಸ್ಲೈಡ್ ಹಾಕಿ, ಸಹಿ ತೆಗೆದುಕೊಂಡು, ಚಹಾ ಕುಡಿಸಿ ಕಳಿಸಿದರೆ ತರಬೇತಿ ಆಗೋದಿಲ್ಲ. ವಾರ್ಡಿನಲ್ಲೇ, ಡಬ್ಬಿ ಮುಂದೆ ನಿಂತು, ನಮ್ಮ ಕಡೆಯ ಮಾತಿನಲ್ಲಿ ಹತ್ತು ನಿಮಿಷ ಹೇಳಿದರೆ ಸಾಕು. ಏಜೆನ್ಸಿ ಟೆಂಡರ್‌ನಲ್ಲೇ ತರಬೇತಿ, ಲಸಿಕೆ ಎರಡನ್ನೂ ಷರತ್ತಾಗಿ ಹಾಕಲಿ.

ಆಸ್ಪತ್ರೆಗಳು ಪ್ರತಿವರ್ಷ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ವರದಿಯಲ್ಲಿ, ಇದುವರೆಗೆ ತರಬೇತಿ ಸಿಗದ ಸಿಬ್ಬಂದಿ ಎಷ್ಟು ಅಂತ ಒಂದು ಕಾಲಂ ಇದೆ. ಆ ವರದಿಯನ್ನು ತಮ್ಮ ವೆಬ್‌ಸೈಟಿಗೂ ಹಾಕಬೇಕು ಅಂತ ಅದೇ ನಿಯಮ ಹೇಳುತ್ತದೆ. ನಮ್ಮ ಜಿಲ್ಲೆಯ ಆಸ್ಪತ್ರೆಗಳು ಆ ಕಾಲಂನಲ್ಲಿ ಏನು ಬರೆದಿವೆ, ಔಟ್‌ಸೋರ್ಸ್‌ನವರನ್ನು ಲೆಕ್ಕಕ್ಕೆ ಹಿಡಿದಿವೆಯಾ ಅಂತ ನಿಮ್ಮ ವರದಿಗಾರರು ಒಮ್ಮೆ ನೋಡಿ ಬರೆಯಲಿ.

— ಓದುಗ, ರಾಯಚೂರು