ಅಲ್ಲಿ ನಾಲ್ಕೂವರೆ, ಇಲ್ಲಿ ಒಂಬತ್ತು

ವಿದ್ಯಾನಗರ, ದಾವಣಗೆರೆ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ಇಲ್ಲಿ ರಾತ್ರಿ ಒಂಬತ್ತು. ಅಮ್ಮ ರೊಟ್ಟಿ ಬಡಿಯುತ್ತಿದ್ದರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇನ್ನೂ ಸಂಜೆ ನಾಲ್ಕೂವರೆ, ಆಗಲೇ ಕತ್ತಲು ಎಂದೆ. "ಬಂದು ಎರಡು ತಿಂಗಳಾಯ್ತು, ಇನ್ನೂ ಲಾಡ್ಜಿನಲ್ಲಿ ಇದ್ದ ಹಾಗಿದೆ ಕಣೋ, ವಾಪಸ್ ಬಂದುಬಿಡಲಾ" ಎಂದು ಕೇಳಿದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಿಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಹಾಗೇ ಹೊಸದಾಗಿ ಹೋದವರು ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಈಗ ಊರಿಗೆ ಬಂದಿದ್ದೇನೆ ಅಷ್ಟೇ, ನಾನೂ ಅದೇ ದೇಶದ ಊಲ್ಮ್‌ಗೆ ಹೋಗಿ ಆರು ವರ್ಷ. ಅದರಲ್ಲಿ ಮೊದಲ ಎರಡು ವರ್ಷ ದಾವಣಗೆರೆಯ ಗಂಟೆಯಲ್ಲೇ ಬದುಕಿದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಇಲ್ಲಿ ಈಗೆಷ್ಟು ಗಂಟೆ ಎಂಬ ಲೆಕ್ಕ. ಬೇಸಿಗೆಯಲ್ಲಿ ಊರು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ, ಊರು ಇನ್ನೂ ಒಂದು ಗಂಟೆ ದೂರ ಹೋಯಿತು ಅನಿಸಿ ಅತ್ತಿದ್ದೇನೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿದ್ದು, ಭದ್ರಾ ನಾಲೆಗೆ ನೀರು ಬಿಟ್ಟಿದ್ದು, ದುಗ್ಗಮ್ಮನ ಜಾತ್ರೆಗೆ ಯಾರ ಮನೆಗೆ ಎಷ್ಟು ಜನ ನೆಂಟರು ಬಂದರು ಅನ್ನುವುದು, ಎಲ್ಲ ಗೊತ್ತಿತ್ತು. ಎದುರು ಮನೆಯವರ ಹೆಸರು ಮಾತ್ರ ಗೊತ್ತಿರಲಿಲ್ಲ.

ಹೆಸರು ಅಂದ ಕೂಡಲೇ ನೆನಪಾಯಿತು. ನಿನ್ನ ಹೆಸರು ಬೆಲ್ ಮೇಲೆ ಮತ್ತು ಅಂಚೆ ಡಬ್ಬಿಯ ಮೇಲೆ ಇದೆಯಾ? ಅಲ್ಲಿ ಅಪಾರ್ಟ್‌ಮೆಂಟಿಗೆ ಮನೆ ನಂಬರ್ ನೋಡಿ ಟಪಾಲು ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ನಾನು ನನ್ನ ಹೆಸರಷ್ಟೇ ಬರೆದು ಅಂಟಿಸಿದ್ದೆ. ಬರುವ ಕಾಗದದ ಮೇಲೆ ಪಾಸ್‌ಪೋರ್ಟಿನಲ್ಲಿರುವ ಅಪ್ಪನ ಹೆಸರು. ತೆರಿಗೆ ನಂಬರಿನ ಕಾಗದ ವಾಪಸ್ ಹೋಯಿತು. ಆ ನಂಬರ್ ಇಲ್ಲದೆ ಸಂಬಳದಲ್ಲಿ ಜಾಸ್ತಿ ತೆರಿಗೆ ಹಿಡಿದರು. ಆಮೇಲೆ ಲೆಕ್ಕ ಸರಿಯಾಯಿತು ಅನ್ನು, ಆದರೆ ಆ ತಿಂಗಳು ಬಹಳ ಒದ್ದಾಡಿದೆ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು ಅಂತ ನಿನಗೆ ಮೊದಲೇ ಹೇಳಿದ್ದೆ, ಅದು ಆಗಿದೆ ತಾನೇ? ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಆರೇ ತಿಂಗಳು ನಡೆಯುತ್ತದೆ, ಅದೂ ನೆನಪಿರಲಿ.

ನನ್ನ ದಿನಗಳು ಬದಲಾಗಿದ್ದು ಒಂದು ಜಗಳದಿಂದ. ಒಂದು ರಾತ್ರಿ ಹತ್ತೂವರೆಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಭಾನುವಾರ ಇಡೀ ದಿನ ಮಾಡಬಾರದು ಅಂತ ಗಟ್ಟಿಯಾಗಿ ಹೇಳಿ ಹೋದರು. ನಗು ಇಲ್ಲ, ಸಮಾಧಾನದ ಮಾತಿಲ್ಲ. ನಾನು ಪರದೇಶಿ ಅಂತಲೇ ಹೀಗೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಹಾಗೇ ಕೂತಾಗ ಹೊಳೆಯಿತು, ನಮ್ಮ ಓಣಿಯ ಹಿರಿಯರೂ ಹೀಗೇ ಅಲ್ವಾ? ತಪ್ಪು ಕಂಡರೆ ಮುಖಕ್ಕೇ ಹೇಳುತ್ತಾರೆ, ಸಂಜೆ ಕರೆದು ಚಹಾ ಕೊಡುತ್ತಾರೆ. ಅಮ್ಮ ಕಳಿಸಿದ್ದ ಶೇಂಗಾ ಉಂಡೆ ನಾಲ್ಕು ತಟ್ಟೆಯಲ್ಲಿಟ್ಟುಕೊಂಡು ಕೆಳಗೆ ಹೋದೆ. ಬಾಯಲ್ಲಿ ಬರುತ್ತಿದ್ದ ಜರ್ಮನ್ ಹತ್ತು ಮಾತು. ಅವರು ಬಾಗಿಲು ಪೂರ್ತಿ ತೆರೆದರು.

ಆಮೇಲೆ ಪ್ರತಿ ಗುರುವಾರ ಸಂಜೆ ಅವರ ಅಡುಗೆಮನೆಯಲ್ಲಿ ಕೂರುವುದು ರೂಢಿಯಾಯಿತು. ಕಸವನ್ನು ಯಾವ ಡಬ್ಬಿಗೆ ಹಾಕಬೇಕು, ಚಳಿಯಲ್ಲೂ ಐದು ನಿಮಿಷ ಕಿಟಕಿ ಪೂರ್ತಿ ತೆರೆದಿಡದಿದ್ದರೆ ಗೋಡೆಗೆ ಬೂಷ್ಟು ಹೇಗೆ ಹಿಡಿಯುತ್ತದೆ, ಎಲ್ಲ ಅವರೇ ಕಲಿಸಿದರು. ಒಂದು ಗುರುವಾರ ಜ್ವರ ಬಂದು ಹೋಗಲಿಲ್ಲ. ಅವರೇ ಸೂಪ್ ತಂದರು. ಆ ದೇಶದಲ್ಲಿ ನಾನು ಬರಲಿಲ್ಲ ಅಂತ ಗಮನಿಸಿದ ಒಬ್ಬರು ಇದ್ದಾರೆ ಅಂತ ಗೊತ್ತಾದ ದಿನ ಅದು. ನಿನಗೂ ಅಂಥ ಒಂದು ಗುರುವಾರ ಬೇಕು ಕಣೋ. ವಾರಕ್ಕೊಮ್ಮೆ, ಒಂದೇ ಹೊತ್ತು, ಅದೇ ಜನ. ಫುಟ್‌ಬಾಲ್ ಆಗಲಿ, ಹಾಡುವ ಗುಂಪಾಗಲಿ, ಚೆಸ್ ಆಗಲಿ, ಅಲ್ಲಿ ಎಲ್ಲಕ್ಕೂ ಒಂದು ಸಂಘ ಇರುತ್ತದೆ. ಫೆರೈನ್ ಅಂತಾರೆ. ಕನ್ನಡ ರಾಜ್ಯೋತ್ಸವಕ್ಕೆ ಖಂಡಿತ ಹೋಗು, ನಾನೂ ಹೋಗುತ್ತೇನೆ. ಆದರೆ ಅದು ವರ್ಷಕ್ಕೊಮ್ಮೆ.

ಭಾಷೆಯನ್ನು ಮುಂದೂಡಬೇಡ. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಅದೇ ತೊಂದರೆ. ಊರಿನವರೇ ನಡೆಸುವ ಸಂಜೆ ಶಾಲೆ ಇದೆ, ಫೋಲ್ಕ್ಸ್‌ಹೋಖ್‌ಶೂಲೆ, ಫೀಸು ಕಡಿಮೆ. ನಿನ್ನದು ಬ್ಲೂ ಕಾರ್ಡ್, ಓದಿ ಕೆಲಸಕ್ಕೆ ಬಂದವರಿಗೆ ಕೊಡುವ ವಾಸದ ಪರವಾನಗಿ, ಅಲ್ವಾ? ಎ1 ಅಂದರೆ ಆರಂಭದ ಮಟ್ಟದ ಜರ್ಮನ್ ಇದ್ದರೆ ಕಾಯಂ ವಾಸದ ಪರವಾನಗಿಗೆ 27 ತಿಂಗಳು, ಬಿ1 ಅಂದರೆ ಮಧ್ಯಮ ಮಟ್ಟದ್ದು ಇದ್ದರೆ 21. ಕಾಗದದ ಲಾಭ ಅದು. ಬೇಕರಿಯಲ್ಲಿ ನಿನ್ನ ಹಿಂದೆ ನಿಂತವರು ಹವಾಮಾನದ ಬಗ್ಗೆ ಏನೋ ಹೇಳಿ, ನೀನು ಉತ್ತರ ಕೊಟ್ಟು ಇಬ್ಬರೂ ನಗುವುದಿದೆಯಲ್ಲ, ನನಗೆ ಅದು ಹೆಚ್ಚು.

ಊಟ ಸೇರುತ್ತಿಲ್ಲ ಎಂದೆ. ದೋಸೆ ಹಿಟ್ಟು ಚಳಿಗೆ ಹುಳಿ ಬರುವುದಿಲ್ಲ, ಓವನ್ ಒಳಗಿಟ್ಟು ದೀಪ ಮಾತ್ರ ಹಾಕು, ಬೆಳಿಗ್ಗೆ ಉಬ್ಬಿರುತ್ತದೆ. ಬೆಣ್ಣೆಯಲ್ಲಿ ಜೌವರ್‌ರಾಮ್‌ಬುಟರ್ ಅಂತ ಬರೆದದ್ದು ತಗೋ. ಹುಳಿ ಬರಿಸಿದ ಕೆನೆಯಿಂದ ತೆಗೆದದ್ದು, ನಮ್ಮ ಮನೆ ಬೆಣ್ಣೆಗೆ ಹತ್ತಿರ. ನಿನಗೆ ಗೊತ್ತಲ್ಲ, ಬೆಣ್ಣೆ ದೋಸೆಯೂ ಊರು ಬಿಟ್ಟು ಬಂದವರ ಕೈಯದೇ. 1928ರಲ್ಲಿ ಚೆನ್ನಮ್ಮ ಎಂಬ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದು ಇಲ್ಲಿ ದೋಸೆ ಹಾಕಲು ಶುರು ಮಾಡಿದರು. ಆಗ ಅದು ರಾಗಿ ದೋಸೆ. ಅಕ್ಕಿ, ಉದ್ದು, ಮಂಡಕ್ಕಿ, ಮೇಲೆ ಬೆಣ್ಣೆ, ಇದೆಲ್ಲ ಅವರ ಮಕ್ಕಳ ಕಾಲಕ್ಕೆ ಬಂತು. ಆ ತಾಯಿಗೆ ಇಲ್ಲಿ ಮೊದಲ ಎರಡು ತಿಂಗಳು ಹೇಗೆ ಕಳೆದಿರಬಹುದು ಅಂತ ಈಗೀಗ ಯೋಚಿಸುತ್ತೇನೆ.

ನಿನ್ನೆ ಪಿ.ಜೆ. ಬಡಾವಣೆಗೆ, ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮಮ್ಮ ಚೆನ್ನಾಗಿದ್ದಾರೆ. ಬೆಳಿಗ್ಗೆ ಗೆಳತಿಯರ ಜೊತೆ ಕುಂದವಾಡ ಕೆರೆಗೆ ವಾಕಿಂಗ್ ಹೋಗುತ್ತಾರಂತೆ. ನೀನು ದಿನಕ್ಕೆ ನಾಲ್ಕು ಸಲ ಫೋನ್ ಮಾಡುವುದನ್ನು ಹೇಳಿದರು. "ಮಾತಾಡಿದ್ರೆ ನನಗೆ ಖುಷಿನೇ ಕಣಪ್ಪಾ. ಆದ್ರೆ ಅಲ್ಲಿ ಇವನ ಹತ್ರ ಮಾತಾಡೋರು ಯಾರೂ ಇಲ್ವೇನೋ ಅಂತ ರಾತ್ರಿ ಎದೆ ಹಿಂಡುತ್ತೆ" ಎಂದರು. ಇದನ್ನು ನಿನಗೆ ಹೇಳಬೇಡ ಅಂದಿದ್ದರು. ಹೇಳದೆ ಇರಲು ಆಗಲಿಲ್ಲ.

ಮುಂದಿನ ವಾರ ವಾಪಸ್ ಹೊರಡುತ್ತೇನೆ. ಅವರು ಕೊಟ್ಟ ಶೇಂಗಾ ಚಟ್ನಿಪುಡಿ, ಮಂಡಕ್ಕಿ ನನ್ನ ಬ್ಯಾಗಿನಲ್ಲಿವೆ. ಬೆಣ್ಣೆಯನ್ನೂ ಕಟ್ಟಿದ್ದರು. ಹಾಲಿನ ಪದಾರ್ಥ ಅಲ್ಲಿಗೆ ತರಲು ಬಿಡುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿ ಅಲ್ಲೇ ಬಿಟ್ಟೆ. ನಾನು ಬಂದ ಮೊದಲ ಭಾನುವಾರ ರೈಲು ಹತ್ತಿ ನಿನ್ನಲ್ಲಿಗೆ ಬರುತ್ತೇನೆ. ಅಂಗಡಿ ಮುಚ್ಚಿರುತ್ತದೆ, ಬೆಣ್ಣೆ ಶನಿವಾರವೇ ತಂದಿಡು. ಹಿಟ್ಟು ಅವತ್ತೇ ರಾತ್ರಿ ಹತ್ತರೊಳಗೆ ರುಬ್ಬಿಬಿಡು. ಎದುರು ಮನೆಯವರನ್ನು ತಿಂಡಿಗೆ ಕರೆ. ಎಷ್ಟು ಜನ ಬರುತ್ತಾರೆ ಅಂತ ನನಗೆ ತಿಳಿಸು, ಪಲ್ಯಕ್ಕೆ ಆಲೂಗಡ್ಡೆ ನಾನು ಬೇಯಿಸಿ ತರುತ್ತೇನೆ.

ನಿನ್ನ ಗೆಳೆಯ